ಶಿಲೆಯ ಮೈತ್ರೇಯ, ಮುಗಿಲ ಮೈತ್ರೇಯ

ನಿಕೊಲಾಯ್ ರೋರಿಕ್ 1925ರಲ್ಲಿ ರಚಿಸಿದ ‘ವಿಜಯಿ ಮೈತ್ರೇಯ’ ಟೆಂಪೆರಾ ಚಿತ್ರದಲ್ಲಿ, ಪರ್ವತಗಳ ನಡುವಿನ ಬಂಡೆಯಲ್ಲಿ ಕೆತ್ತಿದ ಬೃಹತ್ ಮೂರ್ತಿಯ ಬಳಿ ಕುದುರೆಯಿಂದಿಳಿದ ಪಯಣಿಗನೊಬ್ಬ ಪ್ರಾರ್ಥಿಸುತ್ತಾನೆ. ಮೇಲೆ ಮೋಡವೇ ಅಶ್ವಾರೋಹಿಯ ರೂಪ ತಾಳಿ ಧಾವಿಸುತ್ತದೆ. ಶಿಲೆಯದು ನಿರೀಕ್ಷೆ, ಮುಗಿಲಿನದು ಆಗಮನ. ಈ ಎರಡು ಕಾಲಗಳನ್ನು ಒಂದೇ ನೋಟದಲ್ಲಿ ಎದುರುಬದುರಾಗಿಸಿರುವುದೇ ಕೃತಿಯ ಬಲ.

ಅದೇ ವರ್ಷ ಕಲಾವಿದ ಕಾಶ್ಮೀರದಿಂದ ಲೇಹ್‌ಗೆ ಸಾಗಿದ ಮಾರ್ಗದಲ್ಲಿ ಮುಲ್ಬೆಕ್‌ನ ಚತುರ್ಭುಜ ಮೈತ್ರೇಯನಿದ್ದಾನೆ. ಆ ಶಿಲ್ಪ ವರ್ತಕರ ಹಳೆಯ ಹಾದಿಯ ಮಗ್ಗುಲಲ್ಲಿದೆ. ಅದಕ್ಕೊಂದು ಊರಿದೆ, ಸುತ್ತ ಹೊಲಗಳಿವೆ, ನಮಿಸುವ ಜನರಿದ್ದಾರೆ. ಚಿತ್ರದ ಶಿಲ್ಪಕ್ಕೆ ಇರುವುದು ಬೆಟ್ಟ ಮತ್ತು ಭವಿಷ್ಯ ಮಾತ್ರ. ಲಡಾಖಿನ ನೆಲಕ್ಕಂಟಿದ ಶ್ರದ್ಧೆಯನ್ನು ರೋರಿಕ್ ಜಗತ್ತಿಗೆಲ್ಲ ಸಲ್ಲುವ ಸಂಕೇತವಾಗಿಸುತ್ತಾರೆ. 1926ರಲ್ಲಿ ಮೈತ್ರೇಯ ಸರಣಿಯನ್ನು ಅವರು ಮಾಸ್ಕೋಗೆ ಒಯ್ದದ್ದೂ ಈ ಆಶಯಕ್ಕೆ ಒಪ್ಪುವಂಥದ್ದೇ. ಇಂದು ಅದು ನಿಜ್ನಿ ನೋವ್ಗೊರೊದ್‌ನ ಸಂಗ್ರಹಾಲಯದಲ್ಲಿದೆ.

ಅಂಚಿನ ಸಂಸ್ಕೃತಿಯೊಂದು ವಿಶ್ವಾತ್ಮಕವಾಗುವಾಗ ತೆರುವ ಬೆಲೆ ಇದು: ಕೀರ್ತಿ ದಕ್ಕುತ್ತದೆ, ವಿಳಾಸ ಅಳಿಯುತ್ತದೆ. ಆದರೂ ಆ ಪುಟ್ಟ ಪಯಣಿಗನನ್ನು ಕಲಾವಿದ ಕೈಬಿಟ್ಟಿಲ್ಲ. ಮುಗಿಲಿನ ವೈಭವದ ಕೆಳಗೆ ಮಂಡಿಯೂರಿದ ಅವನೊಬ್ಬನಿಂದಲೇ ಶಿಲೆ ಬರಿಯ ದೃಶ್ಯವಾಗದೆ ದೈವವಾಗಿ ಉಳಿದಿದೆ.