ನಗರಕ್ಕೆ ಕಿವಿಗೊಟ್ಟ ಪುಸ್ತಕ

ನಗರ ಯೋಜನೆಯ ನಕ್ಷೆಯಲ್ಲಿ ರಸ್ತೆ, ಚರಂಡಿ, ಉದ್ಯಾನಗಳು ಎದ್ದು ಕಾಣುತ್ತವೆ. ಶಬ್ದಕ್ಕೆ ಜಾಗವಿರುವುದು ಅಪರೂಪ. ಈ ಕೊರತೆಯನ್ನು ಎತ್ತಿ ತೋರಿಸಿದ ಕೃತಿ, ಕೆನಡಾದ ಸಂಗೀತ ಸಂಯೋಜಕ ಆರ್. ಮರ್ರೇ ಶೇಫರ್ (1933–2021) ಅವರ ‘ದ ಟ್ಯೂನಿಂಗ್ ಆಫ್ ದ ವರ್ಲ್ಡ್’. 1977ರಲ್ಲಿ ಪ್ರಕಟವಾದ ಈ ಪುಸ್ತಕವನ್ನು ವಿಜ್ಞಾನದ ವಿದ್ಯಾರ್ಥಿಗಳೂ ಓದಬೇಕು, ಆದರೆ ಎಚ್ಚರದಿಂದ ಓದಬೇಕು.

ಒಂದು ಸ್ಥಳದಲ್ಲಿ ಕೇಳಿಬರುವ ಎಲ್ಲ ಶಬ್ದಗಳನ್ನೂ ಒಟ್ಟಾಗಿ ಶೇಫರ್ ‘ಸೌಂಡ್‌ಸ್ಕೇಪ್’ ಎಂದು ಕರೆದರು. ಇದನ್ನು ನಾವು ‘ಧ್ವನಿಪರಿಸರ’ ಎನ್ನಬಹುದು. ಅದರಲ್ಲಿ ಅವರು ಗುರುತಿಸುವ ಮುಖ್ಯ ಅಂಶಗಳು ಮೂರು: ಸದಾ ಇರುವ ಹಿನ್ನೆಲೆ ಶಬ್ದ, ಗಮನ ಸೆಳೆಯುವ ಸಂಕೇತ ಮತ್ತು ಆ ಊರಿಗೇ ವಿಶಿಷ್ಟವಾದ ಗುರುತಿನ ಧ್ವನಿ. ಗದ್ದಲವನ್ನು ತಗ್ಗಿಸಿದರಷ್ಟೇ ಸಾಲದು, ಯಾವ ಧ್ವನಿಗಳನ್ನು ಉಳಿಸಿಕೊಳ್ಳಬೇಕು ಎಂದೂ ಕೇಳಬೇಕು ಎಂಬುದು ಅವರ ವಾದ. ಇದಕ್ಕೆ ಡೆಸಿಬೆಲ್ ಮಾಪಕ ಉತ್ತರ ಕೊಡಲಾರದು. 60 ಡೆಸಿಬೆಲ್‌ನ ಕಾರಂಜಿಯೂ 60 ಡೆಸಿಬೆಲ್‌ನ ಜನರೇಟರೂ ಅದಕ್ಕೆ ಒಂದೇ. ನಿಮಗೆ ಒಂದೇ ಅಲ್ಲ. 2014ರ ಐಎಸ್‌ಒ ಮಾನಕವೂ ಧ್ವನಿಪರಿಸರವನ್ನು ಕೇಳುಗರ ಗ್ರಹಿಕೆಯ ಆಧಾರದಲ್ಲೇ ವ್ಯಾಖ್ಯಾನಿಸಿತು.

ಪುಸ್ತಕದ ದೋಷವಿರುವುದು ಅದರ ಪಕ್ಷಪಾತದಲ್ಲಿ. ಹಳ್ಳಿಯಲ್ಲಿ ಪ್ರತಿ ಧ್ವನಿಯೂ ಸ್ಪಷ್ಟ, ನಗರದಲ್ಲಿ ಎಲ್ಲವೂ ಕಲಸುಮೇಲೋಗರ ಎಂಬ ಧೋರಣೆ ಉದ್ದಕ್ಕೂ ಕಾಣುತ್ತದೆ. ಸದ್ದೇ ಜೀವಾಳವಾಗಿರುವ ಮಾರುಕಟ್ಟೆಯನ್ನೋ ಜಾತ್ರೆಯನ್ನೋ ಈ ತಕ್ಕಡಿಯಲ್ಲಿ ತೂಗಲಾಗದು.

ಅಲ್ಲದೆ, ವರ್ಗೀಕರಣದಿಂದಲೇ ಯೋಜನೆ ಸಿದ್ಧವಾಗದು. ಶಬ್ದ ಹರಡುವ ಲೆಕ್ಕವೂ ಬೇಕು. ತರಗತಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಸಂಕೇತವೆಂದರೆ ಶಿಕ್ಷಕರ ಮಾತು. ಅದನ್ನು ಮುಳುಗಿಸುವ ಹಿನ್ನೆಲೆಯೆಂದರೆ ಹೊರಗಿನ ರಸ್ತೆ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶ ಕೊಟ್ಟವು. ಹಗಲಿನ ಮಿತಿ 50 ಡೆಸಿಬೆಲ್. ಆದರೆ ವಾಹನಗಳು ಎಡೆಬಿಡದೆ ಸಾಗುವ ರಸ್ತೆ ಒಂದು ರೇಖಾ ಆಕರ. ದೂರ ಇಮ್ಮಡಿಯಾದಾಗ ಶಬ್ದಮಟ್ಟ ಇಳಿಯುವುದು ಸುಮಾರು 3 ಡೆಸಿಬೆಲ್ ಮಾತ್ರ. 10 ಮೀಟರ್ ದೂರದಲ್ಲಿ 75 ಡೆಸಿಬೆಲ್ ಇದ್ದರೆ, ತೆರೆದ ಬಯಲಿನಲ್ಲಿ 100 ಮೀಟರ್ ಆಚೆಗೂ ಸುಮಾರು 65 ಉಳಿಯುತ್ತದೆ. ಹಾರನ್ ನಿಷೇಧದ ಫಲಕವೊಂದೇ ಇದನ್ನು ಸರಿಪಡಿಸದು. ತರಗತಿಯ ಕಿಟಕಿ ಯಾವ ಕಡೆಗಿರಬೇಕು, ನಡುವೆ ಗೋಡೆ ಎಲ್ಲಿ ಏಳಬೇಕು ಎಂಬುದನ್ನು ಕಟ್ಟುವ ಮೊದಲೇ ನಿರ್ಧರಿಸಬೇಕು.

ಶಿಕ್ಷಕರು ಒಂದು ಪ್ರಯೋಗ ಮಾಡಿಸಬಹುದು. ವಿದ್ಯಾರ್ಥಿಗಳು ಶಾಲೆಯ ಆವರಣದಲ್ಲಿ ಹತ್ತು ನಿಮಿಷ ಮೌನವಾಗಿ ಕುಳಿತು, ಕೇಳಿದ ಶಬ್ದಗಳನ್ನು ಶೇಫರ್ ಹೇಳುವ ಮೂರು ಬಗೆಗಳಲ್ಲಿ ಪಟ್ಟಿ ಮಾಡಲಿ. ಯಾವುದು ಉಳಿಯಬೇಕು, ಯಾವುದು ತಗ್ಗಬೇಕು ಎಂದು ಚರ್ಚಿಸಲಿ. ಶಾಲೆಗೆ ಹೊಸ ಕೊಠಡಿ ಕಟ್ಟುವಾಗ ಆ ಪಟ್ಟಿಯನ್ನು ಎಂಜಿನಿಯರರ ಮುಂದಿಡಿ.