ಅಚ್ಚು ಚೆಂದ ಬಂದರೆ ಸಾಕೆ?

ಯುನಿಕೋಡ್ ಇರುವುದು ಮೊಬೈಲಿಗೆ, ಅಂತರ್ಜಾಲಕ್ಕೆ; ಪುಸ್ತಕಕ್ಕೆ ಹಳೆಯ ನುಡಿ, ಶ್ರೀಲಿಪಿ ಫಾಂಟುಗಳೇ ಸರಿ ಎಂಬ ಮಾತು ನಮ್ಮ ಪ್ರಕಾಶಕರಲ್ಲಿ, ಡಿಟಿಪಿ ಮಾಡುವವರಲ್ಲಿ ಗಟ್ಟಿಯಾಗಿ ಬೇರೂರಿದೆ. ಓದುಗರ ಕೈಗೆ ಹೋಗುವುದು ಕಾಗದ ತಾನೆ, ಕಡತದೊಳಗೆ ಏನಿದ್ದರೇನು ಎನ್ನುತ್ತಾರೆ. ನನಗಿದು ಒಪ್ಪಿಗೆಯಿಲ್ಲ.

ಹಳೆಯ ನುಡಿ ಫಾಂಟಿನಲ್ಲಿ ‘ಕ’ ಟೈಪಿಸಿದಾಗ ಕಡತದಲ್ಲಿ ಕೂರುವುದು ಇಂಗ್ಲಿಷಿನ ‘ಪಿ’, ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’. ಆ ಎರಡರ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಬರೆದು ಫಾಂಟು ನಮಗೆ ‘ಕ’ ತೋರಿಸುತ್ತದೆ. ಫಾಂಟು ತೆಗೆದರೆ ಅಲ್ಲಿ ಕನ್ನಡವೇ ಇಲ್ಲ. ಹಾಗಾಗಿಯೇ ಅಂಥ ಪಿಡಿಎಫ್‌ನಲ್ಲಿ ‘ಕುವೆಂಪು’ ಎಂದು ಹುಡುಕಿದರೆ ಏನೂ ಸಿಗದು. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಲೇಖಕರು ವರ್ಷಗಟ್ಟಲೆ ದುಡಿದು ಬರೆದದ್ದು ಒಂದು ವರ್ಗದ ಓದುಗರಿಗೆ ಮುಚ್ಚಿಹೋಗಿರುವಾಗ ‘ಏನಿದ್ದರೇನು’ ಎನ್ನುವುದು ಹೇಗೆ?

ಅಡೋಬಿ 2023ರ ಜನವರಿಯಲ್ಲಿ ತನ್ನ ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನಿಂದ ಟೈಪ್ 1 ಎಂಬ ಹಳೆಯ ನಮೂನೆಯ ಫಾಂಟುಗಳನ್ನು ಕೈಬಿಟ್ಟಿತು. ನಮ್ಮವು ಟ್ರೂಟೈಪ್, ನಮಗೇನೂ ತೊಂದರೆಯಿಲ್ಲ ಎಂದು ಹಲವರು ನಿರಾಳವಾದರು. ಆದರೆ ಫಾಂಟು ಕಡತದ ನಮೂನೆ ಒಂದು, ಒಳಗಿನ ಸಂಕೇತ ಇನ್ನೊಂದು. ಹೀಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ, ಆಸ್ಕಿ ಸಂಕೇತದ ಎನ್ನಲಾಗುವ ಫಾಂಟನ್ನು ಓಪನ್‌ಟೈಪ್ ಕಡತವಾಗಿ ಮಾಡಿಟ್ಟರೂ ‘ಕ’ ಇರುವುದು ಆ ‘ಪಿ’ಯಾಗಿಯೇ.

ಯುನಿಕೋಡ್ ಫಾಂಟು ಅಚ್ಚಿನಲ್ಲಿ ಸೊಗಸಿಲ್ಲ ಎಂಬ ದೂರು ಒಂದು ಕಾಲಕ್ಕೆ ನಿಜವೇ ಆಗಿತ್ತು. ಈಗಿನ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಫಾಂಟಿನದಲ್ಲ: ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರಗಳು ಕಟ್ಟಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಮೂರ್ತಿ ಕ್ಲಾಸಿಕಲ್ ಲೈಬ್ರರಿ ಪುಸ್ತಕಮಾಲೆ 2017ರಲ್ಲಿ ತಂದ ರಾಘವಾಂಕನ ಹರಿಶ್ಚಂದ್ರ ಕಾವ್ಯದ ಕನ್ನಡ ಪುಟಗಳನ್ನು ನೋಡಿ. ಆ ಮಾಲೆಗೆಂದೇ ಫಾಂಟುಗಳನ್ನು ಮಾಡಿಸಿದ್ದಾರೆ. ಮನಸ್ಸಿಟ್ಟು ಮಾಡಿಸಿದರೆ ಸೊಗಸು ಬಂದೇ ಬರುತ್ತದೆ.

ಖರ್ಚಿನ ಮಾತು ಮಾತ್ರ ತಳ್ಳಿಹಾಕುವಂಥದ್ದಲ್ಲ. ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರಿನಲ್ಲಿ ಯುನಿಕೋಡ್ ಕನ್ನಡ ನಡೆಯುವುದಿಲ್ಲ, ತಂತ್ರಾಂಶವನ್ನೇ ಬದಲಿಸಬೇಕು. ಹಳೆಯ ಕಡತಗಳನ್ನು ಕನ್ವರ್ಟರಿಗೆ ಹಾಕಿದರೆ ಮುಗಿಯಿತು ಎಂಬ ಭರವಸೆಯೂ ಸುಳ್ಳು. ‘ಸೂರ್ಯ’ದ ಅರ್ಕಾವತ್ತು ಹಳೆಯ ಕಡತದಲ್ಲಿ ‘ಯ’ದ ನಂತರ ಬರುತ್ತದೆ, ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ನಡುವೆ ಸೇರಿದ ಇಂಗ್ಲಿಷ್ ಪದಗಳನ್ನು ಕನ್ವರ್ಟರು ಕನ್ನಡವೆಂದೇ ಭಾವಿಸಿ ಕಲಸಿಬಿಡುತ್ತದೆ. ಕರಡು ತಿದ್ದುವವರು ಮತ್ತೆ ಸಾಲುಸಾಲಾಗಿ ಓದಲೇಬೇಕು, ಅವರಿಗೆ ಸಂಭಾವನೆ ಕೊಡಲೇಬೇಕು.

ಅದಕ್ಕೇ ಇಡೀ ಗೋದಾಮನ್ನು ಒಮ್ಮೆಲೇ ಬದಲಿಸಿ ಎನ್ನುವುದಿಲ್ಲ. ಹಳೆಯವು ಮರುಮುದ್ರಣಕ್ಕೆ ಬಂದಾಗ, ಹೇಗೂ ಕರಡು ನೋಡುವ ಹೊತ್ತಿಗೆ ಬದಲಾಗಲಿ. ಹೊಸ ಪುಸ್ತಕಕ್ಕೆ ಈ ಸಬೂಬೂ ಇಲ್ಲ. ಬಹುತೇಕ ಲೇಖಕರು ಇಂದು ಯುನಿಕೋಡಿನಲ್ಲೇ ಬರೆದು ಕಳಿಸುತ್ತಾರೆ. ಅದನ್ನು ಹಳೆಯ ಸಂಕೇತಕ್ಕೆ ಹಿಂದಕ್ಕೆ ತಿರುಗಿಸಿ ಪುಟ ಕಟ್ಟುವುದು ಈಗಲೇ ನಿಲ್ಲಬೇಕು. ಲೇಖಕರೂ ಕರಾರಿಗೆ ಸಹಿ ಹಾಕುವಾಗ, ಅಚ್ಚಿಗೆ ಹೋದ ಅಂತಿಮ ಪಠ್ಯದ ಯುನಿಕೋಡ್ ಪ್ರತಿ ತಮಗೂ ಬೇಕೆಂದು ಬರೆಸಿಕೊಳ್ಳಲಿ.