ಕುದುರೆ ಬದಲಾದ ಬಂದೂಕು

ಹಳೆಯ ಇಂಗ್ಲಿಷ್ ಬೇಟೆ ಬಂದೂಕುಗಳನ್ನು ಕೂಡಿಡುವವರಲ್ಲಿ ಒಂದು ಪಂಕ್ತಿಭೇದವಿದೆ. ಚಕಮಕಿ ಕಲ್ಲಿನ ಬಂದೂಕು ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಉಳಿದಿದ್ದರೆ ಅದಕ್ಕೆ ಮೇಲಿನ ಮಣೆ. ಕಲ್ಲು ತೆಗೆದು ಕೇಪಿಗೆ ಮಾರ್ಪಡಿಸಿದ್ದರೆ ಬೆಲೆ ಇಳಿಯಿತು. ಹಲವರ ಕಣ್ಣಿಗೆ ಅದು ಕೆಟ್ಟುಹೋದ ಮಾಲು. ಈ ಲೆಕ್ಕ ತಲೆಕೆಳಗಾಗಿದೆ. ಮಾರ್ಪಾಡಾದ ಬಂದೂಕಿನ ಮೈಮೇಲೆಯೇ ಹೆಚ್ಚು ಚರಿತ್ರೆ ಇದೆ.

ಚಕಮಕಿ ಬಂದೂಕಿನ ಕುದುರೆಯ ಬಾಯಿಗೆ ಕಲ್ಲು ಕಚ್ಚಿಸಿರುತ್ತಾರೆ. ಅದು ಉಕ್ಕಿನ ಪಟ್ಟಿಗೆ ಬಡಿದಾಗ ಕಿಡಿ ಹಾರಿ, ಪಕ್ಕದ ಪುಟ್ಟ ಬಟ್ಟಲಿನಲ್ಲಿದ್ದ ಮದ್ದು ಹೊತ್ತಿಕೊಳ್ಳುತ್ತದೆ. ಆ ಬೆಂಕಿ ಕಿಂಡಿ ಹಾಯ್ದು ನಳಿಗೆಯೊಳಗಿನ ಮದ್ದನ್ನು ಮುಟ್ಟಬೇಕು. ಅಷ್ಟರಲ್ಲಿ ಬಟ್ಟಲಿನ ಹೊಗೆ ಕಂಡು ಹಕ್ಕಿ ಎದ್ದುಹೋಗಬಹುದು. ಮಳೆಯಾದರೆ ಮದ್ದೇ ತೊಯ್ದು ಹೋಗುತ್ತದೆ. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿಯ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ ಸ್ವತಃ ಬೇಟೆಗಾರ. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಬಂದೂಕಿಗೆ ಅಳವಡಿಸಿ 1807ರಲ್ಲಿ ಆತ ಪೇಟೆಂಟ್ ಪಡೆದ. 1820ರ ದಶಕದಲ್ಲಿ ಅಂಥ ಸಿಡಿಮದ್ದು ತುಂಬಿದ ಪುಟ್ಟ ತಾಮ್ರದ ಟೊಪ್ಪಿ, ಅಂದರೆ ಕೇಪು, ಬೇಟೆಗಾರರ ಜೇಬಿಗೆ ಬಂತು. ಬ್ರಿಟಿಷ್ ಸೈನ್ಯ ಅದನ್ನು ಒಪ್ಪಿಕೊಳ್ಳಲು 1830ರ ದಶಕದ ಕೊನೆಯಾಯಿತು. ಹೊಸತನ್ನು ಮೊದಲು ಕೈಗೆತ್ತಿಕೊಂಡವರು ಸಿಪಾಯಿಗಳಲ್ಲ, ಹಕ್ಕಿ ಹೊಡೆಯುವ ಜಮೀನ್ದಾರರು.

ಲಂಡನ್ನಿನ ಜೋಸೆಫ್ ಮ್ಯಾಂಟನ್‌ನಂಥ ನುರಿತ ಕಸಬುದಾರನ ನಳಿಗೆ ಮನೆಯಲ್ಲಿದ್ದರೆ ಅದನ್ನು ಯಾರು ಎಸೆಯುತ್ತಾರೆ? ಬಟ್ಟಲು, ಉಕ್ಕಿನ ಪಟ್ಟಿ, ಅದರ ಸ್ಪ್ರಿಂಗು ಬಿಚ್ಚಿದರು. ಕಿಂಡಿ ಇದ್ದಲ್ಲಿ ತಿರುಪಿನ ಚಿಕ್ಕ ಉರುಳೆ ಕೂರಿಸಿ, ಕೇಪು ತೊಡಿಸಲು ಅದಕ್ಕೊಂದು ಮೊಳೆ ನಿಲ್ಲಿಸಿದರು. ಕಲ್ಲು ಕಚ್ಚುವ ಕುದುರೆ ಹೋಗಿ ಸುತ್ತಿಗೆಯಂತೆ ಬಡಿಯುವ ಕುದುರೆ ಬಂತು. ಕೈಯಲ್ಲಿ ಹಣವಿದ್ದವರು ನಳಿಗೆಯ ಬುಡವನ್ನೇ ಹೊಸದಾಗಿ ಮಾಡಿಸಿದರು. ಇಂಥ ಬಂದೂಕನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಹಳೆಯ ತಿರುಪಿನ ತೂತುಗಳನ್ನು ಮುಚ್ಚಿದ ಗುರುತು ಕುದುರೆ ಕೂರಿಸಿದ ಲೋಹದ ತಟ್ಟೆಯ ಮೇಲೆ ಕಾಣುತ್ತದೆ. ಕೆಲವು ಬೆಸುಗೆ ಗೆರೆಯೂ ಕಾಣದಷ್ಟು ನಯ, ಕೆಲವು ಅರದ ಗೀರು ಎದ್ದು ಕಾಣುವಷ್ಟು ಒರಟು. ಮಾಲೀಕನ ಜೇಬಿನ ತಾಕತ್ತು, ಕಮ್ಮಾರನ ಕೈಚಳಕ ಎರಡೂ ಅಲ್ಲಿ ಅಚ್ಚಾಗಿವೆ. ತಯಾರಕನ ಹೆಸರಿಗಿಂತ ನನಗೆ ಈ ಮುಚ್ಚಿದ ತೂತುಗಳೇ ಪ್ರಿಯ.

ಆದ್ದರಿಂದಲೇ ಕೆಲವು ಸಂಗ್ರಾಹಕರ ಒಂದು ಚಾಳಿಯನ್ನು ಖಂಡಿಸಲೇಬೇಕು. ಅವರು ಕೇಪಿನ ಭಾಗಗಳನ್ನು ಕಿತ್ತು, ಹೊಸದಾಗಿ ಎರಕ ಹೊಯ್ದ ಬಟ್ಟಲು ಮತ್ತು ಕುದುರೆ ಜೋಡಿಸಿ, ಬಂದೂಕನ್ನು ಮರಳಿ ಚಕಮಕಿಗೆ ತರುತ್ತಾರೆ. ಜೀರ್ಣೋದ್ಧಾರ ಎಂಬ ಹೆಸರು ಇದಕ್ಕೆ ಸಲ್ಲದು. 1825ರ ಸುಮಾರಿಗೆ ಒಬ್ಬ ಕಸಬುದಾರ ನಿಜವಾಗಿ ಮಾಡಿದ ಕೆಲಸವನ್ನು ಅಳಿಸಿ, ಇಂದಿನ ಕಲ್ಪನೆಯನ್ನು ಅದರ ಜಾಗದಲ್ಲಿ ಕೂರಿಸುವ ಕೆಲಸವಿದು. ರಬಕವಿ-ಬನಹಟ್ಟಿಯ ನೇಕಾರನ ಕುಣಿಮಗ್ಗಕ್ಕೆ ಮುಂದೊಮ್ಮೆ ಚಿತ್ತಾರ ನೇಯುವ ಜಕಾರ್ಡ್ ಸಲಕರಣೆ ಕೂಡಿಸಿದ್ದರೆ, ಅದನ್ನು ಕಿತ್ತೆಸೆದು ‘ಇದೇ ಅಸಲಿ ಮಗ್ಗ’ ಎಂದು ಯಾರಾದರೂ ತೋರಿಸಿದರೆ ಆ ಊರಿನವರು ಒಪ್ಪುತ್ತಾರೆಯೇ?

ಸಂಗ್ರಹದ ಎರಡನೆಯ ಕೊರತೆ ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ್ದು. ಇಂಗ್ಲಿಷ್ ಬೇಟೆ ಬಂದೂಕಿನ ಬಗ್ಗೆ ಬರೆಯುವವರು ನಳಿಗೆಯ ಲೋಹ, ಹಿಡಿಯ ಆಕ್ರೋಡ ಮರ, ಬೆಳ್ಳಿಯ ಕೆತ್ತನೆ ಎಲ್ಲವನ್ನೂ ಪ್ರೀತಿಯಿಂದ ಬಣ್ಣಿಸುತ್ತಾರೆ. ಅದನ್ನು ಹಿಡಿಯುವ ಹಕ್ಕು ಯಾರಿಗಿತ್ತು ಎಂಬಲ್ಲಿ ಮಾತ್ರ ಮೌನ. ಮುಧೋಳ ತಾಲ್ಲೂಕಿನ ಹಲಗಲಿಯಲ್ಲಿ ನಿಂತು ನೋಡಿದರೆ ಈ ಮೌನ ಸಹಿಸಲಾಗುವುದಿಲ್ಲ. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಿ, ಪರವಾನಗಿ ಪಡೆಯಿರಿ ಎಂದು ಕಾಯ್ದೆ ತಂದಿತು. ಆಗ ಹಲಗಲಿ ಇದ್ದದ್ದು ಮುಧೋಳ ಸಂಸ್ಥಾನದಲ್ಲಿ; ಆ ಅಪ್ಪಣೆ ಅಲ್ಲಿಗೂ ಬಂತು. ಬೇಟೆ, ಕಾವಲುಗಳಲ್ಲೇ ಬದುಕಿದ ಬೇಡರಿಗೆ ಆಯುಧ ಮನೆತನದ ಮಾನ. ಜಡಗ, ಬಾಲ, ಹನುಮ, ರಾಮ ಮುಂದಾಳಾಗಿ ಊರು ತಿರುಗಿಬಿತ್ತು. ನವೆಂಬರ್ ಕೊನೆಗೆ ಕಂಪನಿಯ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು. ಶಾಲೆಯ ಪಠ್ಯಕ್ಕೂ ಬಂದಿರುವ ಹಲಗಲಿ ಲಾವಣಿ ಹಾಳಾದ ಊರಿನ ಸಾಮಾನನ್ನು ಒಂದೊಂದಾಗಿ ಎಣಿಸುತ್ತದೆ: ಕೊಡಲಿ, ಕುಡ, ಹಾಲು ಮೊಸರು, ಬೀಸುಕಲ್ಲು, ಮಂಗಳಸೂತ್ರದವರೆಗೆ. ಹರಾಜು ಕಂಪನಿಯ ಯಾವ ಪಟ್ಟಿಯೂ ಇಷ್ಟು ನಿಷ್ಠುರವಾಗಿ ವಸ್ತುಗಳನ್ನು ದಾಖಲಿಸಿದ್ದನ್ನು ನಾನು ಕಂಡಿಲ್ಲ.

ಆಯುಧ ಹಿಡಿಯುವ ಹಕ್ಕಿನಲ್ಲಿದ್ದ ಭೇದವನ್ನು 1878ರ ಆಯುಧ ಕಾಯ್ದೆ ಇನ್ನಷ್ಟು ಬಿಗಿಮಾಡಿತು. ಭಾರತೀಯನಿಗೆ ಪರವಾನಗಿ ಕಡ್ಡಾಯ, ಯುರೋಪಿಯನ್ನನಿಗೆ ವಿನಾಯಿತಿ. ಬಿಳಿಯ ಅಧಿಕಾರಿ ಕೃಷ್ಣೆಯ ದಂಡೆಯಲ್ಲಿ ಬಾತುಕೋಳಿಗೆ ಗುರಿಯಿಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೀಳಗಿಯ ರೈತ ಹೊಲಕ್ಕೆ ನುಗ್ಗಿದ ಹಂದಿಯನ್ನು ಬೆದರಿಸಲು ಬಂದೂಕು ಬೇಕೆಂದರೆ ಕಾಗದಪತ್ರ ಹಿಡಿದು ಕಾಯಬೇಕಿತ್ತು. ಅದೇ ಬಂದೂಕು ಇಂದು ಗಾಜಿನ ಪೆಟ್ಟಿಗೆಯಲ್ಲಿ ಕೇವಲ ಕಲಾವಸ್ತುವಾಗಿ ಮಲಗಿದ್ದರೆ, ಅದರ ಅರ್ಧ ಬದುಕನ್ನು ಸಂಗ್ರಾಹಕ ಕತ್ತರಿಸಿ ಹಾಕಿದಂತಾಯಿತು.

ಈಗಿನ ಕಾನೂನು ಕೂಡ ಮುಟ್ಟದೆ ಬಿಟ್ಟ ವಸ್ತುವಿನ ಪರವಾಗಿದೆ. ಹಳೆಯ ಮಾದರಿಯ ಆಯುಧ, ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಂತಿದ್ದರೆ 1959ರ ಆಯುಧ ಕಾಯ್ದೆಯ 45ನೆಯ ಕಲಮು ಅದನ್ನು ಆ ಕಾಯ್ದೆಯಿಂದ ಹೊರಗಿಡುತ್ತದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಲೆಕ್ಕದಲ್ಲಿ ನೂರು ವರ್ಷ ದಾಟಿದ್ದು ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಾಚೆ ಸಾಗಿಸುವಂತಿಲ್ಲ. ಅಂಥದ್ದನ್ನು ಮತ್ತೆ ಹಾರುವಂತೆ ಮಾಡುವ ಹುಚ್ಚು ಚರಿತ್ರೆಗೂ ಕೇಡು, ಮಾಲೀಕನಿಗೂ ಕೇಡು. ಎಣ್ಣೆ ಸವರಿ, ತುಕ್ಕು ತಡೆದು, ತಿರುಪು ಮುಟ್ಟದೆ ಇಡಲಿ. ಪಕ್ಕದ ಚೀಟಿಯಲ್ಲಿ ತಯಾರಕನ ಹೆಸರಿನ ಕೆಳಗೆ ಮುಚ್ಚಿದ ತೂತುಗಳ ವಿವರ ಬರಲಿ, ಅದರ ಕೆಳಗೆ 1857ರ ಕಾಯ್ದೆ ಬರಲಿ, ಹಲಗಲಿಯ ಹೆಸರೂ ಬರಲಿ.